ಖಾನಾವಳಿಯ ನೆಲ್ಲಿ

ನನ್ನ ಹಳೆಯ ಅಂಚೆಚೀಟಿಯ ಆಲ್ಬಮ್ಮಿನಲ್ಲಿ ಅಮೆರಿಕದ ಪುಟ ಒಂದೇ ಒಂದು. ಆ ಪುಟದ ಮೂಲೆಯಲ್ಲಿ 29 ಸೆಂಟಿನ ಒಂದು ಚೀಟಿ ಇದೆ. ಅದರ ಮೇಲೆ ಒಬ್ಬ ಹೆಂಗಸಿನ ಚಿತ್ರ, ಜೊತೆಗೆ ನೆಲ್ಲಿ ಕ್ಯಾಶ್‌ಮನ್ ಎಂಬ ಹೆಸರು. 1994ರಲ್ಲಿ ಅಮೆರಿಕದ ಅಂಚೆ ಇಲಾಖೆ ತನ್ನ ಪಶ್ಚಿಮ ಸೀಮೆಯ ಪ್ರಸಿದ್ಧರ ನೆನಪಿಗಾಗಿ ಇಪ್ಪತ್ತು ಚೀಟಿಗಳ ಒಂದು ಮಾಲೆ ಹೊರಡಿಸಿತ್ತು. ಅದರಲ್ಲಿ ಒಬ್ಬ ಕುದುರೆ ಸವಾರನ ಹೆಸರಿನ ಮೇಲೆ ಅವನ ಸೋದರನ ಚಿತ್ರ ಅಚ್ಚಾಗಿ, ಹಾಳೆಗಳನ್ನು ವಾಪಸು ತರಿಸಿಕೊಂಡು ಮತ್ತೆ ಅಚ್ಚು ಹಾಕಿಸಬೇಕಾಯಿತು. ಚೀಟಿ ಕೂಡಿಸುವವರೆಲ್ಲ ಆ ತಪ್ಪು ಚೀಟಿಯ ಬೆನ್ನು ಹತ್ತಿದ್ದರು. ನನಗೆ ಸಿಕ್ಕಿದ್ದು ಈ ನೆಲ್ಲಿ.

ಚೀಟಿ ಬಂದದ್ದು ಅಲ್ಲಿದ್ದ ಗೆಳತಿಯ ಪತ್ರದ ಮೇಲೆ. "ಈಕೆ ಗಣಿ ಊರುಗಳಲ್ಲಿ ಊಟದ ಮನೆ ನಡೆಸುತ್ತಿದ್ದಳಂತೆ, ನಿಮ್ಮ ಅತ್ತೆಗೆ ತೋರಿಸು" ಎಂದು ಅವಳು ಪತ್ರದ ಕೊನೆಗೆ ಬರೆದಿದ್ದಳು. ನನ್ನ ಸೋದರತ್ತೆ ಧಾರವಾಡದಲ್ಲಿ ಖಾನಾವಳಿ ನಡೆಸಿದವಳು. ನಾನು ಚೀಟಿ ತೋರಿಸಿದಾಗ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಏನ ಹೆಸರಂದಿ?"

"ನೆಲ್ಲಿ, ಅತ್ಯಾ."

"ನೆಲ್ಲಿಕಾಯಿ ನೆಲ್ಲಿನ? ಖಾನಾವಳಿ ನಡಿಸಿದಾಕೀಗೂ ಟಿಕೀಟು ಹಾಕ್ತಾರಲ್ಲವಾ ಆ ಊರಾಗ!" ಎಂದು ನಕ್ಕಳು.

ಆ ನಗೆಯಲ್ಲಿ ಸ್ವಲ್ಪ ನೋವೂ ಇತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ನೆಲ್ಲಿಯ ಪೂರ್ಣ ಹೆಸರು ಎಲೆನ್ ಕ್ಯಾಶ್‌ಮನ್. ಹುಟ್ಟಿದ್ದು 1845ರ ಸುಮಾರಿಗೆ, ಐರ್ಲೆಂಡಿನ ಕಾರ್ಕ್ ಪ್ರಾಂತದ ಬಡ ಕ್ಯಾಥೊಲಿಕ್ ಮನೆಯಲ್ಲಿ. ಅದೇ ವರ್ಷ ಆ ದೇಶದ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ನಮ್ಮಲ್ಲಿ ಜೋಳ ಹೇಗೋ ಹಾಗೆ ಅಲ್ಲಿನ ಬಡವರಿಗೆ ಆಲೂಗಡ್ಡೆ. ಅಗೆದರೆ ನೆಲದೊಳಗೆ ಕಪ್ಪಗೆ ಕೊಳೆತ ಗಡ್ಡೆ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ರೋಗದಿಂದ ಸತ್ತರು, ಮತ್ತೆ ಅಷ್ಟೇ ಜನ ಹಡಗು ಹತ್ತಿದರು. ತಂದೆಯನ್ನು ಕಳೆದುಕೊಂಡ ನೆಲ್ಲಿ ಮತ್ತು ಅವಳ ಸೋದರಿ ಫ್ಯಾನಿ ತಾಯಿಯ ಜೊತೆ ಹಾಗೆಯೇ ಅಮೆರಿಕದ ಬಾಸ್ಟನ್ ಸೇರಿದರು. ಮುಂದೆ 1860ರ ದಶಕದ ಕೊನೆಯ ಹೊತ್ತಿಗೆ ಆ ಮೂವರು ಹೆಂಗಸರು ಖಂಡದ ಇನ್ನೊಂದು ತುದಿಯ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದ್ದರು. ಫ್ಯಾನಿ ಅಲ್ಲಿ ಮದುವೆಯಾಗಿ ಸಂಸಾರ ಹೂಡಿದಳು. ನೆಲ್ಲಿ ಹೂಡಿದ್ದು ವ್ಯಾಪಾರ.

1872ರಲ್ಲಿ ತಾಯಿಯನ್ನು ಜೊತೆಗೆ ಕರೆದುಕೊಂಡು ನೆವಾಡಾದ ಪಿಯೋಚ್ ಎಂಬ ಬೆಳ್ಳಿ ಗಣಿಯ ಊರಿಗೆ ಹೋಗಿ ವಸತಿ ಮತ್ತು ಊಟದ ಮನೆ ತೆರೆದಳು. ಇಲ್ಲಿ ಅವಳ ಲೆಕ್ಕಾಚಾರವನ್ನು ಗಮನಿಸಬೇಕು. ಚಿನ್ನ ಬೆಳ್ಳಿ ಹುಡುಕಿ ಬಂದ ನೂರು ಗಂಡಸರಲ್ಲಿ ಅದೃಷ್ಟ ಕೂಡಿಬರುವುದು ಒಬ್ಬಿಬ್ಬರಿಗೆ. ಆದರೆ ನೂರೂ ಜನಕ್ಕೆ ದಿನಾ ಹಸಿವಾಗುತ್ತದೆ. ಮನೆ ಬಿಟ್ಟು ಬಂದವರು, ಅಡಿಗೆ ಬಾರದವರು. ಅವರಿಗೆ ಬಿಸಿ ಊಟ, ಒಗೆದ ಹಾಸಿಗೆ ಕೊಟ್ಟವರಿಗೆ ವ್ಯಾಪಾರ ತಪ್ಪುವುದಿಲ್ಲ. ನಮ್ಮ ಹುಬ್ಬಳ್ಳಿ ಧಾರವಾಡದ ಖಾನಾವಳಿಗಳ ಗುಟ್ಟೂ ಇದೇ ಅಲ್ಲವೆ? ಓದಲು ಬಂದ ಹಳ್ಳಿ ಹುಡುಗರು, ವರ್ಗವಾಗಿ ಬಂದ ಗುಮಾಸ್ತರು, ಅವರೇ ನಮ್ಮ ಅತ್ತೆಯ ಗಿರಾಕಿಗಳು.

ಒಂದು ವ್ಯತ್ಯಾಸವಿತ್ತು. ಅತ್ತೆ ಒಂದೇ ಓಣಿಯಲ್ಲಿ ಮೂವತ್ತೊಂದು ವರ್ಷ ರೊಟ್ಟಿ ಬಡಿದಳು. ನೆಲ್ಲಿಗೆ ಒಂದು ಕಡೆ ಕೂರುವ ಕಾಲೇ ಇರಲಿಲ್ಲ. ಎಲ್ಲೋ ಹೊಸ ಗಣಿ ಸಿಕ್ಕಿತೆಂದು ಸುದ್ದಿ ಬಂದರೆ ಅಂಗಡಿ ಮಾರಿ ಹೊರಟುಬಿಡುತ್ತಿದ್ದಳು. ಬರಿಯ ಊಟದ ಮನೆಯಿಂದ ಅವಳಿಗೆ ತೃಪ್ತಿಯೂ ಆಗುತ್ತಿರಲಿಲ್ಲ. ತಾನೂ ಗಣಿ ಪಟ್ಟಾ ಕೊಂಡು, ತಾನೇ ಅಗೆಯಲು ನಿಲ್ಲುತ್ತಿದ್ದಳು.

1874ರಲ್ಲಿ ಅವಳು ಕೆನಡಾದ ಉತ್ತರದ ಕ್ಯಾಸಿಯರ್ ಸೀಮೆಯಲ್ಲಿದ್ದಳು. ಅಲ್ಲಿಯೂ ಒಂದು ವಸತಿಗೃಹ, ಪಕ್ಕದಲ್ಲಿ ಗಣಿ ಕೆಲಸ. ದಕ್ಷಿಣದ ವಿಕ್ಟೋರಿಯಾ ಊರಿನಲ್ಲಿ ಸೇಂಟ್ ಆನ್ ಸಭೆಯ ಸಿಸ್ಟರ್‌ಗಳು ಆಸ್ಪತ್ರೆ ಕಟ್ಟಿಸಬೇಕೆಂದಿದ್ದರು. ನೆಲ್ಲಿ ಗಣಿಗಾರರ ಗುಡಾರ ಗುಡಾರಕ್ಕೆ ಹೋಗಿ ಚಂದಾ ಎತ್ತಿ, ಆ ಹಣವನ್ನು ತಲುಪಿಸಲು ಚಳಿಗಾಲಕ್ಕೆ ಮುಂಚೆ ವಿಕ್ಟೋರಿಯಾಕ್ಕೆ ಬಂದಳು. ಅಲ್ಲಿರುವಾಗ ಸುದ್ದಿ ಬಂತು. ಕ್ಯಾಸಿಯರ್‌ನಲ್ಲಿ ಹಿಮ ಮುಚ್ಚಿದೆ, ಉಳಿದ ಗಣಿಗಾರರಿಗೆ ಸ್ಕರ್ವಿ ತಗುಲಿದೆ.

ಸ್ಕರ್ವಿ ಎಂದರೆ ತಿಂಗಳುಗಟ್ಟಲೆ ಹಸಿ ತರಕಾರಿ, ಹಣ್ಣು ಕಾಣದವರಿಗೆ ಬರುವ ರೋಗ. ಒಸಡು ಬಾತು ರಕ್ತ ಸೋರುತ್ತದೆ, ಹಲ್ಲು ಅಲ್ಲಾಡುತ್ತವೆ, ಹಳೆಯ ಗಾಯ ಮತ್ತೆ ಬಾಯಿ ಬಿಡುತ್ತದೆ, ಕೊನೆಗೆ ಸಾವು. ಇದರ ಹಿಂದೆ ಸಿ ಜೀವಸತ್ವದ ಕೊರತೆ ಇದೆಯೆಂದು ತಿಳಿದದ್ದು 1930ರ ದಶಕದಲ್ಲಿ. ಆದರೆ ನಿಂಬೆ ಜಾತಿಯ ಹಣ್ಣಿನಿಂದ ಗುಣವಾಗುತ್ತದೆ ಎಂದು ನಾವಿಕರಿಗೆ ಬಹಳ ಹಿಂದೆಯೇ ಗೊತ್ತಿತ್ತು. ನಮ್ಮ ಮನೆಗಳ ಉಪ್ಪಿನಕಾಯಿ ಭರಣಿಯಲ್ಲಿರುವ ನೆಲ್ಲಿಕಾಯಿಯಲ್ಲಿ ಆ ಸತ್ವ ನಿಂಬೆಗಿಂತ ಎಷ್ಟೋ ಪಟ್ಟು ಹೆಚ್ಚು. ಅತ್ತೆ ಸುಮ್ಮನೆ ಹೇಳಿದ ಹೆಸರು ನೆಲ್ಲಿಗೆ ಎಷ್ಟು ಒಪ್ಪುತ್ತದೆ ನೋಡಿ!

ನೆಲ್ಲಿ ಆರು ಮಂದಿ ಗಂಡಾಳುಗಳನ್ನು ಗೊತ್ತು ಮಾಡಿಕೊಂಡಳು. ನಿಂಬೆರಸ, ಆಲೂಗಡ್ಡೆ, ಮತ್ತಿತರ ದಿನಸಿ ಎಲ್ಲ ಸೇರಿ 1500 ಪೌಂಡ್ ಸಾಮಾನು, ಅಂದರೆ ಏಳು ಕ್ವಿಂಟಲಿಗೆ ಸ್ವಲ್ಪ ಕಡಿಮೆ. ದೋಣಿಯಲ್ಲಿ ಸಾಗಿದಷ್ಟು ದೂರ ದೋಣಿ, ಆಮೇಲೆ ಹೆಪ್ಪುಗಟ್ಟಿದ ಸ್ಟಿಕೀನ್ ನದಿಯ ಮೇಲೆ ಹಿಮಬಂಡಿ ಎಳೆಯುತ್ತ ನಡಿಗೆ. ಆ ದಾರಿಯಲ್ಲಿದ್ದ ಅಮೆರಿಕದ ಸೇನಾ ಠಾಣ್ಯದವರಿಗೆ ವಿಷಯ ತಿಳಿದು, ಯಾವಳೋ ಹುಚ್ಚಿ ಹಿಮದಲ್ಲಿ ಸಾಯಲು ಹೊರಟಿದ್ದಾಳೆಂದು ಸಿಪಾಯಿಗಳನ್ನು ಅಟ್ಟಿದರು. ಸಿಪಾಯಿಗಳು ಬಂದು ನೋಡಿದರೆ ಅವಳು ಮಂಜುಗಡ್ಡೆಯ ಮೇಲೆ ಒಲೆ ಹೂಡಿ ಅಡಿಗೆ ಮಾಡುತ್ತ ಹಾಡಿಕೊಳ್ಳುತ್ತಿದ್ದಾಳೆ! ಬಂದವರನ್ನು ಕೂರಿಸಿ ಚಹಾ ಕೊಟ್ಟಳಂತೆ. ಅವರು ಬರಿಗೈಯಲ್ಲಿ ಹಿಂತಿರುಗಿದರು.

ಒಂದು ರಾತ್ರಿ ಗುಡ್ಡದ ಇಳಿಜಾರಿನಲ್ಲಿ ಅವಳ ಡೇರೆ ಹಾಕಿದ್ದರು. ಬೆಳಗ್ಗೆ ಕಾಫಿ ಹಿಡಿದು ಬಂದ ಆಳಿಗೆ ಡೇರೆಯೂ ಕಾಣಲಿಲ್ಲ, ಒಡತಿಯೂ ಕಾಣಲಿಲ್ಲ. ರಾತ್ರಿ ಹಿಮ ಜಾರಿ ಡೇರೆಯನ್ನು ಕಾಲು ಮೈಲಿ ಕೆಳಕ್ಕೆ ಹೊತ್ತುಕೊಂಡು ಹೋಗಿತ್ತು. ಅವಳು ತಾನೇ ಹಿಮ ತೋಡಿಕೊಂಡು ಮೇಲೆದ್ದು ಬಂದಳು. ಹೀಗೆ 77 ದಿನ ನಡೆದು ಶಿಬಿರ ಮುಟ್ಟಿದಳು. ಸುಮಾರು 75 ಗಂಡಸರು ಅವಳ ಆರೈಕೆಯಿಂದ ಉಳಿದುಕೊಂಡರೆಂದು ಲೆಕ್ಕ. ಅಂದಿನಿಂದ ಗಣಿಗಾರರು ಅವಳನ್ನು ಕ್ಯಾಸಿಯರ್‌ನ ದೇವತೆ ಎಂದು ಕರೆದರು. ಆಗ ಅವಳಿಗೆ ಇನ್ನೂ ಮೂವತ್ತರ ಆಸುಪಾಸು.

1880ರಲ್ಲಿ ಅವಳು ಅರಿಜೋನಾದ ಟೂಂಬ್‌ಸ್ಟೋನ್‌ಗೆ ಬಂದಳು. ಆ ಊರಿನ ಹೆಸರಿನ ಅರ್ಥವೇ ಗೋರಿಕಲ್ಲು. 1881ರ ಅಕ್ಟೋಬರ್ 26ರಂದು ಅಲ್ಲಿ ಅರ್ಧ ನಿಮಿಷದ ಒಂದು ಗುಂಡಿನ ಕಾಳಗ ನಡೆಯಿತು. ಆ ಅರ್ಧ ನಿಮಿಷದ ಮೇಲೆ ಎಷ್ಟು ಸಿನಿಮಾ, ಎಷ್ಟು ಪುಸ್ತಕ! ಅದೇ ಊರಿನಲ್ಲಿ ನೆಲ್ಲಿ ಬೂಟಿನ ಅಂಗಡಿ ನಡೆಸಿದಳು, ಆಮೇಲೆ ರಸ್ ಹೌಸ್ ಎಂಬ ಹೋಟೆಲು ನಡೆಸಿದಳು. ಊರಿನಲ್ಲಿ ಕ್ಯಾಥೊಲಿಕ್ ಚರ್ಚು ಇರಲಿಲ್ಲ. ನೀವು ಕಟ್ಟಡಕ್ಕೆ ಹಣ ಕೂಡಿಸಿದರೆ ನಾನು ಪಾದ್ರಿಯನ್ನು ಕಳಿಸುತ್ತೇನೆ ಎಂದು ಬಿಷಪ್ಪರು ಹೇಳಿದರಂತೆ. ನೆಲ್ಲಿ ಹಣ ಕೂಡಿಸಿದಳು. ಪಡಖಾನೆಯವರು, ಜೂಜುಕೋರರು, ಮರ್ಯಾದಸ್ಥರು ಹೆಸರೆತ್ತಲು ಹಿಂಜರಿಯುವ ಓಣಿಯ ಹೆಂಗಸರು, ಯಾರನ್ನೂ ಅವಳು ಬಿಡಲಿಲ್ಲ ಎನ್ನುತ್ತಾರೆ. ಸೇಕ್ರೆಡ್ ಹಾರ್ಟ್ ಚರ್ಚು ಎದ್ದು ನಿಂತಿತು. ದುಡ್ಡಿನ ಮೈಲಿಗೆ ಎಣಿಸುತ್ತ ಕೂತಿದ್ದರೆ ಅಡಿಪಾಯವೂ ಆಗುತ್ತಿರಲಿಲ್ಲವೇನೋ.

ಈ ಊರಿನಲ್ಲೇ ನಡೆದ ಇನ್ನೊಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 1883ರ ಡಿಸೆಂಬರಿನಲ್ಲಿ ಪಕ್ಕದ ಬಿಸ್ಬೀಯಲ್ಲಿ ಅಂಗಡಿ ದರೋಡೆಯಾಗಿ ನಾಲ್ವರು ಅಮಾಯಕರು ಸತ್ತರು. ಐವರಿಗೆ ಗಲ್ಲು ಎಂದು ತೀರ್ಪಾಯಿತು, ದಿನ 1884ರ ಮಾರ್ಚ್ 28. ಒಬ್ಬ ವ್ಯಾಪಾರಿ ಗಲ್ಲುಕಂಬ ಕಾಣುವಂತೆ ಮರದ ಅಟ್ಟಣಿಗೆ ಕಟ್ಟಿ ಟಿಕೀಟು ಮಾರಲು ತೊಡಗಿದ. ನಾಟಕ ನೋಡುವಂತೆ ಸಾವು ನೋಡಲು ಜನ ಟಿಕೀಟು ಕೊಂಡರು. ನೆಲ್ಲಿ ಜೈಲಿಗೆ ಹೋಗಿ ಆ ಅಪರಾಧಿಗಳನ್ನು ಕಂಡು ಬರುತ್ತಿದ್ದಳು. ಗಲ್ಲಿನ ಹಿಂದಿನ ರಾತ್ರಿ ಅವಳೂ ಅವಳ ಗೆಳೆಯರೂ ಕೊಡಲಿ, ಗರಗಸ ಹಿಡಿದು ಹೋಗಿ ಅಟ್ಟಣಿಗೆಯನ್ನು ಕೆಡವಿ ಹಾಕಿದರು. ಆ ಐವರು ತಪ್ಪಿಲ್ಲದವರೆಂದು ಅವಳು ಎಲ್ಲೂ ವಾದಿಸಲಿಲ್ಲ. ಸಾಯುವವನ ಮರ್ಯಾದೆಯನ್ನು ಟಿಕೀಟಿಗೆ ಮಾರಬಾರದು ಎಂಬುದಷ್ಟೇ ಅವಳ ಹಟ. ದಿನಾ ವ್ಯಾಪಾರ ಮಾಡುವವಳಿಗೆ ಯಾವುದನ್ನು ಮಾರಬಾರದು ಎಂಬುದೂ ಗೊತ್ತಿತ್ತು.

ಫ್ಯಾನಿಯ ಗಂಡ 1881ರಲ್ಲಿ ತೀರಿಕೊಂಡಿದ್ದ. ವಿಧವೆಯಾದ ಸೋದರಿಯನ್ನೂ ಅವಳ ಐದು ಮಕ್ಕಳನ್ನೂ ನೆಲ್ಲಿ ತನ್ನಲ್ಲಿಗೇ ಕರೆಸಿಕೊಂಡಳು. ಕೆಲವೇ ವರ್ಷಗಳಲ್ಲಿ ಫ್ಯಾನಿಯೂ ಕ್ಷಯದಿಂದ ಹೋದಳು. ಹೆರದ ನೆಲ್ಲಿ ಐದು ಮಕ್ಕಳ ತಾಯಿಯಾದಳು. ಅವರನ್ನು ಕಟ್ಟಿಕೊಂಡು ಊರಿಂದೂರಿಗೆ ಅಲೆದಳು, ಕ್ಯಾಥೊಲಿಕ್ ಶಾಲೆಗಳಲ್ಲಿ ಇಟ್ಟು ಓದಿಸಿದಳು. ಅವರಲ್ಲಿ ಮೈಕ್ ಎಂಬವನು ಮುಂದೆ ಅರಿಜೋನಾದಲ್ಲಿ ಹೆಸರಾಂತ ಬ್ಯಾಂಕರ್ ಆದ. ಚಿಕ್ಕಂದಿನಲ್ಲಿ ಖಾನಾವಳಿಯ ಲೆಕ್ಕ ನೋಡಿ ಬೆಳೆದ ಹುಡುಗ ಬ್ಯಾಂಕಿಗೆ ಹೋದದ್ದರಲ್ಲಿ ಆಶ್ಚರ್ಯವೇನಿದೆ!

ಅವಳು ಹೋದಲ್ಲೆಲ್ಲ ಗೆದ್ದಳೆಂದು ತಿಳಿಯಬೇಡಿ. 1883ರಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಚಿನ್ನವಿದೆಯೆಂಬ ಗಾಳಿಸುದ್ದಿ ನಂಬಿ ಗಂಡಸರ ಗುಂಪು ಕಟ್ಟಿಕೊಂಡು ಹೋಗಿ, ಮರುಭೂಮಿಯಲ್ಲಿ ನೀರಿಲ್ಲದೆ ಸಾಯುವ ಹಾಗಾಗಿ ಬರಿಗೈಯಲ್ಲಿ ಮರಳಿದ್ದಳು. ಅಂಥ ಪೆಟ್ಟು ಹಲವು. ಆದರೂ ಕ್ಲೊಂಡೈಕ್ ಚಿನ್ನದ ಸುದ್ದಿ ಹಬ್ಬಿದ ಮೇಲೆ, 1898ರಲ್ಲಿ, ಐವತ್ತು ದಾಟಿದ ಅವಳು ಮತ್ತೆ ಗಂಟು ಕಟ್ಟಿದಳು. ಗಡಿ ದಾಟುವವರ ಬಳಿ ವರ್ಷಕ್ಕಾಗುವಷ್ಟು ಸಾಮಾನು, ಸುಮಾರು ಒಂದು ಟನ್, ಇರಲೇಬೇಕೆಂದು ಕೆನಡಾದ ಪೊಲೀಸರ ನಿಯಮ. ಚಿಲ್ಕೂಟ್ ಕಣಿವೆಯ ಕಡಿದಾದ ಹಿಮದ ದಾರಿಯಲ್ಲಿ ಅಷ್ಟನ್ನೂ ಕಂತು ಕಂತಾಗಿ ಹೊತ್ತು ಸಾಗಿಸಬೇಕು. ಅವಳು ಅದನ್ನೂ ದಾಟಿ ಡಾಸನ್ ಊರು ಸೇರಿ ಹೋಟೆಲು ತೆರೆದಳು, ಕಿರಾಣಿ ಅಂಗಡಿ ತೆರೆದಳು. ಅಂಗಡಿಯ ಒಂದು ಮೂಲೆಯಲ್ಲಿ ಗಣಿಗಾರರು ಕೂತು ಮನೆಗೆ ಕಾಗದ ಬರೆಯಲು ಜಾಗ ಮಾಡಿದ್ದಳು, ಬಂದವರಿಗೆ ಬಿಟ್ಟಿ ಚುಟ್ಟಾ ಕೂಡ ಇಟ್ಟಿರುತ್ತಿದ್ದಳು. ಫಾದರ್ ವಿಲಿಯಂ ಜಡ್ಜ್ ಕಟ್ಟಿಸಿದ ಸೇಂಟ್ ಮೇರಿ ಆಸ್ಪತ್ರೆಗೂ ಇವಳ ಚಂದಾ ಡಬ್ಬಿ ತಿರುಗಿತು. ಮುಂದೆ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಇದ್ದಾಗ ಬೇರೆ ಪಂಗಡದ ಕ್ರೈಸ್ತರು ನಡೆಸುತ್ತಿದ್ದ ಆಸ್ಪತ್ರೆಗೂ ಹಣ ಎತ್ತಿ ಕೊಟ್ಟಳು.

ಡಾಸನ್‌ನ ಒಂದು ಪಟ್ಟಾದಲ್ಲಿ ಅವಳಿಗೆ ಒಂದು ಲಕ್ಷ ಡಾಲರಿಗೂ ಮೇಲ್ಪಟ್ಟು ಚಿನ್ನ ಸಿಕ್ಕಿತು. ಅದನ್ನೆಲ್ಲ ಅವಳು ದಾನ ಮಾಡಿಬಿಟ್ಟಳು ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಅವಳು ತಾನೇ ಹೇಳಿದ್ದು ಬೇರೆ. ಆ ಹಣದ ಕೊನೆಯ ಕಾಸಿನವರೆಗೂ ಬೇರೆ ಪಟ್ಟಾ ಕೊಳ್ಳಲು, ಹೊಸ ನಿಕ್ಷೇಪ ಹುಡುಕಲು ಖರ್ಚಾಯಿತೆಂದು ಅವಳ ಮಾತು. ದಾನವನ್ನೂ ಮಾಡಿದಳು, ಅದು ನಿಜ. ಆದರೆ ಅವಳಿಗೆ ಗಣಿಯ ಹುಚ್ಚಿತ್ತು, ಇನ್ನೊಂದು ಸಲ ಅಗೆದರೆ ಸಿಕ್ಕೀತೆಂಬ ಆಸೆಯಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ. ಮುಚ್ಚಿಟ್ಟದ್ದು ಅವಳನ್ನು ಹೊಗಳಿದವರು.

ಇದನ್ನು ಓದಿದ ದಿನ ನಾನು ಪುಸ್ತಕ ಮಡಿಸಿ ಸುಮ್ಮನೆ ಕೂತುಬಿಟ್ಟೆ. ಏಕೆಂದು ಈಗ ಹೇಳಬೇಕು.

ಅತ್ತೆ ಖಾನಾವಳಿ ಮುಚ್ಚಿದ ವರ್ಷ ನಮ್ಮ ಓಣಿಯ ಮಹಿಳಾ ಮಂಡಳದವರು ಅವಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ಪರಿಚಯ ಮಾಡಿಕೊಡುವ ಕೆಲಸ ನನಗೆ ಬಂತು. ನಾನು ಬಹಳ ಉತ್ಸಾಹದಿಂದ "ಇವರು ಸಾಕ್ಷಾತ್ ಅನ್ನಪೂರ್ಣೆ, ಹಸಿದು ಬಂದವರಿಗೆ ಎಂದೂ ಇಲ್ಲ ಎನ್ನಲಿಲ್ಲ" ಎಂದೆಲ್ಲ ಹೇಳಿದೆ. ಜೋರಾಗಿ ಚಪ್ಪಾಳೆ ಬಿತ್ತು. ಮನೆಗೆ ಬಂದ ಮೇಲೆ ಅತ್ತೆ ಶಾಲು ಮಡಿಸುತ್ತ ಹೇಳಿದಳು, "ಅನ್ನಪೂರ್ಣಿ ಅಂದ್ರ ಕಿರಾಣಿ ಅಂಗಡ್ಯಾವ ಉದ್ರಿ ಕೊಡ್ತಿದ್ದನೇನವಾ? ಮೂವತ್ತೊಂದು ವರ್ಷ ದಿನಾ ರಾತ್ರಿ ಕೂತು ಲೆಕ್ಕಾ ಬರದೇನಿ. ಒಂದ ತಿಂಗಳ ಬಾಡಗಿ ತಪ್ಪಿಸಿಲ್ಲ. ಅದನ್ನ ನೀ ಹೇಳಲೇ ಇಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಹೊಗಳಿದ್ದು ತಪ್ಪಾಯಿತೆ ಎಂದು ಒಳಗೊಳಗೇ ಸಿಟ್ಟೂ ಬಂದಿತ್ತು. ಹೆಂಗಸು ದುಡಿದು, ಲೆಕ್ಕ ಇಟ್ಟು, ಚೌಕಾಶಿ ಮಾಡಿ, ಸೋತು ಎದ್ದು ನಾಲ್ಕು ಜನಕ್ಕೆ ಆಸರೆಯಾದರೆ ನಾವು ಅವಳನ್ನು ದೇವಿ ಎನ್ನುತ್ತೇವೆ. ದೇವಿಯ ಕೈಯಲ್ಲಿ ಅನ್ನ ತಾನೇ ತುಂಬುತ್ತದೆ, ಆಕೆಗೆ ಬುದ್ಧಿಯೂ ಬೇಡ, ದುಡ್ಡೂ ಬೇಡ, ಬೆನ್ನುನೋವೂ ಇಲ್ಲ. ಅಲ್ಲಿ ನೆಲ್ಲಿಗೂ ಇಲ್ಲಿ ಅತ್ತೆಗೂ ಆದದ್ದು ಇದೇ. ವ್ಯಾಪಾರಿ ಗಂಡಸು ಗುಡಿಗೆ ದಾನ ಕೊಟ್ಟರೆ ಕಲ್ಲಿನ ಮೇಲೆ ಅವನ ಅಂಗಡಿಯ ಹೆಸರೂ ಕೆತ್ತುತ್ತಾರಲ್ಲ!

ನೆಲ್ಲಿಯ ಕಾಲದ ಕಥೆ ಹೇಳುವಾಗ ಇನ್ನೊಂದು ಮಾತನ್ನೂ ಬಿಡಬಾರದು. ಆ ಚಿನ್ನದ ನೆಲವೆಲ್ಲ ಬರಿದಾಗಿ ಬಿದ್ದಿರಲಿಲ್ಲ. ಸ್ಟಿಕೀನ್ ದಂಡೆ ಟಾಲ್ಟನ್ ಜನರದು, ಅರಿಜೋನಾ ಅಪಾಚೆಗಳದು. ಗಣಿಗಾರರು ನುಗ್ಗಿದ ಹಿಂದೆಯೇ ಅವರ ನೆಲ ಹೋಯಿತು. ಹಸಿವಿನಿಂದ ಓಡಿ ಬಂದ ಐರಿಷ್ ಹುಡುಗಿಯೂ ಆ ನುಗ್ಗಿನ ಒಳಗಿದ್ದವಳೇ. ಅವಳನ್ನು ದೇವತೆ ಎಂದಾಗ ಈ ಮಾತಿಗೆ ಜಾಗ ಸಿಗುವುದಿಲ್ಲ, ಮನುಷ್ಯಳೆಂದರೆ ಸಿಗುತ್ತದೆ.

ಅರವತ್ತು ದಾಟಿದ ಮೇಲೆ ಅವಳು ಇನ್ನೂ ಉತ್ತರಕ್ಕೆ, ಆರ್ಕ್‌ಟಿಕ್ ವೃತ್ತವನ್ನೂ ದಾಟಿ ಕೊಯುಕುಕ್ ಸೀಮೆಯ ನೋಲನ್ ಹಳ್ಳಕ್ಕೆ ಹೋಗಿ ನೆಲೆಸಿದಳು. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಮೇಲೇಳದ ಜಾಗ. ಅಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಹೆಪ್ಪುಗಟ್ಟಿದ ಮಣ್ಣನ್ನು ಕಾಯಿಸಿ ಕರಗಿಸಿ ಅಗೆಯಬೇಕು. ಸುಮಾರು ಇಪ್ಪತ್ತು ವರ್ಷ ಅದೇ ಅವಳ ಊರು. ಎಪ್ಪತ್ತೇಳೆಂಟರ ವಯಸ್ಸಿನಲ್ಲಿ ನಾಯಿಗಳು ಎಳೆಯುವ ಹಿಮಬಂಡಿಯಲ್ಲಿ 17 ದಿನಕ್ಕೆ 750 ಮೈಲಿ ದಾಟಿದಳೆಂದು ಪತ್ರಿಕೆಗಳು ಬರೆದವು. ನಮ್ಮ ಲೆಕ್ಕದಲ್ಲಿ ದಿನಕ್ಕೆ ಎಪ್ಪತ್ತು ಕಿಲೋಮೀಟರು. ಏಕೆ ಮದುವೆಯಾಗಲಿಲ್ಲ ಎಂದು ವರದಿಗಾರನೊಬ್ಬ ಕೇಳಿದ್ದಕ್ಕೆ, ಅದಕ್ಕೆಲ್ಲ ತನಗೆ ಪುರಸೊತ್ತೇ ಆಗಲಿಲ್ಲವೆಂದೂ ಗಂಡಸರು ಬೆಳೆದು ನಿಂತ ಹುಡುಗರಷ್ಟೇ ಎಂದೂ ಹೇಳಿ ನಗಿಸಿದಳಂತೆ. ಅವರಿಗೆ ಐವತ್ತು ವರ್ಷ ಬಡಿಸಿದವಳ ಮಾತು, ಅನುಭವದ್ದೇ ಇರಬೇಕು.

1924ರಲ್ಲಿ ಕಾಯಿಲೆ ಬಿದ್ದಳು. ಕೊನೆಗೆ ಬಂದು ಸೇರಿದ್ದು ವಿಕ್ಟೋರಿಯಾದ ಸೇಂಟ್ ಜೋಸೆಫ್ ಆಸ್ಪತ್ರೆ. ಐವತ್ತು ವರ್ಷದ ಹಿಂದೆ ಗುಡಾರ ಗುಡಾರ ಅಲೆದು ಅವಳು ಚಂದಾ ಎತ್ತಿ ತಂದದ್ದು ಇದೇ ಆಸ್ಪತ್ರೆಗೆ. ಅಂದು ಆ ಹಣವನ್ನು ತೆಗೆದುಕೊಂಡ ಸಿಸ್ಟರ್‌ಗಳ ಸಭೆಯವರೇ ಇಂದು ಅವಳ ಹಾಸಿಗೆಯ ಪಕ್ಕ ನಿಂತರು. 1925ರ ಜನವರಿ 4ರಂದು ಅಲ್ಲಿಯೇ ತೀರಿಕೊಂಡಳು, ಅದೇ ಊರಿನ ರಾಸ್ ಬೇ ಸ್ಮಶಾನದಲ್ಲಿ ಮಣ್ಣಾದಳು. ಎಂಬತ್ತರ ಹತ್ತಿರದ ಬದುಕು. ಅಂದು ಹಿಮದಲ್ಲಿ ನಿಂಬೆರಸ ಹೊತ್ತು ಹೊರಟಿದ್ದೂ ಇದೇ ಊರಿನಿಂದ.

ನಮ್ಮ ಅತ್ತೆಯೂ ಈಗಿಲ್ಲ. ಅವಳ ಟ್ರಂಕಿನಲ್ಲಿ ಸಿಕ್ಕ ಲೆಕ್ಕದ ವಹಿಗಳು ನನ್ನ ಹತ್ತಿರ ಇವೆ. ಕೆಂಪು ಬಟ್ಟೆಯ ಹೊದಿಕೆ, ಒಳಗೆ ಅವಳ ದಪ್ಪ ಅಕ್ಷರ. ಜೋಳದ ದರ, ಶೇಂಗಾ ಎಣ್ಣೆಯ ದರ, ಕಟ್ಟಿಗೆಯ ದರ, ಯಾರ ಊಟ ಎಷ್ಟು, ಯಾರ ಬಾಕಿ ಎಷ್ಟು. ಕೆಲವು ಹೆಸರುಗಳ ಮುಂದಿನ ಬಾಕಿಯ ಮೇಲೆ ಒಂದು ಅಡ್ಡಗೆರೆ, ಪಕ್ಕದಲ್ಲಿ "ಪರೀಕ್ಷಾ ಫೀ ಕಟ್ಟಿದಾನ, ಬಿಟ್ಟೇನಿ" ಎಂದು ಬರೆದಿದ್ದಾಳೆ. ಎಷ್ಟು ಬಿಟ್ಟೆ ಎಂಬುದನ್ನೂ ಪೈಸೆ ತಪ್ಪದೆ ಲೆಕ್ಕ ಹಾಕಿ ಇಟ್ಟಿದ್ದಾಳೆ. ಆ ಚೀಟಿಯನ್ನು ಆಲ್ಬಮ್ಮಿನಿಂದ ತೆಗೆದು ಆ ವಹಿಯ ಮೊದಲ ಪುಟದಲ್ಲಿ ಅಂಟಿಸಬೇಕೆಂದು ಎಷ್ಟೋ ಸಲ ಅನಿಸಿದೆ. ಚೀಟಿ ಕೂಡಿಸುವವರು ಕೇಳಿದರೆ ಬೈದಾರು. ಅತ್ತೆ ಇದ್ದಿದ್ದರೆ ಮಾತ್ರ, ಮೊದಲು ಅದರ ಬೆಲೆ ಎಷ್ಟೆಂದು ಕೇಳಿ ಬರೆದಿಡುತ್ತಿದ್ದಳು.